ಪ್ರವೇಶದ ಲೆಕ್ಕವೂ ಭವಿಷ್ಯದ ವ್ಯಾಪಾರವೂ

ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂದು ಹೆಸರಾದ, ಜನರ ಬಾಯಲ್ಲಿ ಐ.ಐ.ಎಂ. ಎಂದೇ ರೂಢವಾಗಿರುವ ವಿದ್ಯಾಲಯಗಳ ಎಂ.ಬಿ.ಎ. ತರಗತಿಯನ್ನು ಸೇರಬಯಸುವವರು ಬರೆಯುವ ಕ್ಯಾಟ್ ಪರೀಕ್ಷೆಯ ಫಲಿತಾಂಶವು ಈಚಿನ ವರ್ಷಗಳಲ್ಲಿ ಡಿಸೆಂಬರ್ ತಿಂಗಳಲ್ಲಿ ಪ್ರಕಟವಾಗುತ್ತಿದೆ. ಅದು ಪ್ರಕಟವಾದ ದಿನದಿಂದ ಮೊದಲುಗೊಂಡು ಸಂದರ್ಶನದ ಕರೆಗಳು ಬಂದು ಮುಗಿಯುವವರೆಗೆ ನಮ್ಮ ಪಟ್ಟಣಗಳ ಮಧ್ಯಮ ವರ್ಗದ ಮನೆಗಳಲ್ಲಿ ಒಂದೇ ಪ್ರಶ್ನೆ: "ಇಷ್ಟು ಬಂದಿದೆ, ಸಿಕ್ಕೀತೇ?" ಮಗನೋ ಮಗಳೋ ನೌಕರಿಯ ಬಿಡುವಿನಲ್ಲಿ ನಿದ್ದೆಗೆಟ್ಟು ಓದಿರುತ್ತಾರೆ, ತಂದೆಯಾದವನು ಭವಿಷ್ಯನಿಧಿಯ ಹಣವನ್ನು ತೆಗೆಯುವುದೋ ಬ್ಯಾಂಕಿನ ಸಾಲಕ್ಕೆ ಮನೆಯನ್ನು ಒತ್ತೆಯಿಡುವುದೋ ಎಂದು ಮನಸ್ಸಿನಲ್ಲಿಯೇ ಗುಣಿಸುತ್ತಿರುತ್ತಾನೆ. ಪ್ರಶ್ನೆ ಬೆಳೆದಂತೆ ಉತ್ತರ ಹೇಳುವವರೂ ಬೆಳೆದಿದ್ದಾರೆ. ದುಡ್ಡು ಪಡೆದು ಹೇಳುವವರುಂಟು. ಪುಕ್ಕಟೆಯಾಗಿ ಹೇಳಿ, ಹೇಳಿದ ಬಾಯಿ ಆರುವ ಮೊದಲೇ ಮುಂದಿನ ವರ್ಷದ ತರಗತಿಗೆ ಹೆಸರು ಬರೆಯಿಸಿಕೊಳ್ಳುವವರುಂಟು. ನಮ್ಮ ಅಭಿಪ್ರಾಯದಲ್ಲಿ ಈ ಪ್ರಶ್ನೆಯ ಉತ್ತರದ ಬಹುಪಾಲು ಅಭ್ಯರ್ಥಿಯ ಕೈಯಲ್ಲಿಯೇ ಇದೆ. ಉಳಿದ ಪಾಲು ಸಂಸ್ಥೆಗಳ ಕೈಯಲ್ಲಿದ್ದು ಅದನ್ನು ಅವು ಬಯಲಿಗಿಡಬೇಕಾಗಿದೆ. ನಡುವಿನ ದಲ್ಲಾಳಿಗೆ ಇಲ್ಲಿ ಕೆಲಸವೇ ಇಲ್ಲ.

ಮೊದಲು ಅಂಕಿಗಳನ್ನೇ ನೋಡೋಣ. 2024ರ ನವೆಂಬರ್ 24ರಂದು ನಡೆದ ಪರೀಕ್ಷೆಗೆ ಸುಮಾರು 3.29 ಲಕ್ಷ ಜನ ಹೆಸರು ನೋಂದಾಯಿಸಿದ್ದರು. ಬರೆದವರು ಸುಮಾರು 2.93 ಲಕ್ಷ. ಇಲ್ಲಿ ಎಲ್ಲರೂ ನೋಡುವುದು ಅಂಕವನ್ನಲ್ಲ, ಪರ್ಸೆಂಟೈಲ್ ಎಂಬ ಮಾನವನ್ನು. ಇದನ್ನು ಶೇಕಡಾ ಅಂಕವೆಂದೇ ತಿಳಿದು ನೆರೆಹೊರೆಗೆ ಪೇಡೆ ಹಂಚುವ ಪಾಲಕರು ಇಂದಿಗೂ ಇದ್ದಾರೆ. ಪರ್ಸೆಂಟೈಲ್ ಎಂದರೆ ನೂರು ಮಂದಿಯಲ್ಲಿ ಎಷ್ಟು ಜನ ನಮಗಿಂತ ಹಿಂದೆ ಉಳಿದರೆಂಬ ಲೆಕ್ಕವೇ ಹೊರತು ಎಷ್ಟು ಪ್ರಶ್ನೆಗಳಿಗೆ ಸರಿಯುತ್ತರ ಬರೆದೆವೆಂಬುದಲ್ಲ. ಆ ವರ್ಷದ ಪರೀಕ್ಷೆಯಲ್ಲಿ 68 ಪ್ರಶ್ನೆಗಳಿದ್ದು ಒಟ್ಟು ಅಂಕ 204. ಸರಿಯುತ್ತರಕ್ಕೆ 3, ಆಯ್ಕೆಯ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ 1 ಕಳೆತ. ಈಚಿನ ವರ್ಷಗಳಲ್ಲಿ ಒಟ್ಟು ಅಂಕದ ಅರ್ಧವನ್ನು ಮುಟ್ಟದವನೂ 99 ಪರ್ಸೆಂಟೈಲ್ ಪಡೆದಿದ್ದಾನೆ.

ಆ 99 ಎಂಬುದು ಕಿವಿಗೆ ಎಷ್ಟು ಇಂಪಾಗಿದ್ದರೂ ತಲೆಗಳ ಲೆಕ್ಕಕ್ಕೆ ಇಳಿಸಿದರೆ ಅದರ ಬಣ್ಣ ಬೇರೆ. 2.93 ಲಕ್ಷ ಜನರಲ್ಲಿ 99ನ್ನು ಮುಟ್ಟಿದವರು ಅಥವಾ ದಾಟಿದವರು ಹೆಚ್ಚುಕಡಮೆ 2,930 ಮಂದಿ. 95ನ್ನು ದಾಟಿದವರು ಸುಮಾರು 14,650. 99.9ನ್ನು ದಾಟಿದವರು 293. ಅಂದರೆ 95ಕ್ಕೂ 99ಕ್ಕೂ ನಡುವೆ ಕಾಣುವ ನಾಲ್ಕು ಮೆಟ್ಟಿಲುಗಳ ಮೇಲೆ ಹನ್ನೊಂದು ಸಾವಿರದ ಏಳುನೂರಕ್ಕೂ ಹೆಚ್ಚು ಜನ ನಿಂತಿದ್ದಾರೆ. ಅತ್ತ 1961ರಲ್ಲಿ ಆರಂಭವಾದ ಕಲಕತ್ತೆ ಮತ್ತು ಅಹಮದಾಬಾದಿನ ಸಂಸ್ಥೆಗಳು, 1973ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆ, ಈ ಮೂರರಲ್ಲಿಯೂ ಕೂಡಿ ಮುಖ್ಯ ತರಗತಿಯ ಸ್ಥಾನಗಳು ಒಂದೂವರೆ ಸಾವಿರದ ಆಸುಪಾಸಿನಲ್ಲಿವೆ. ಬರೆದವರಲ್ಲಿ ಸರಿಸುಮಾರು ಇನ್ನೂರಕ್ಕೊಬ್ಬನಿಗೆ ಎಡೆ. ಆ ವರ್ಷ "ನೂರಕ್ಕೆ ನೂರು ಪರ್ಸೆಂಟೈಲ್" ಪಡೆದವರು 14 ಜನರೆಂದು ವರದಿಯಾಯಿತು. ತನಗಿಂತ ತಾನೇ ಮುಂದಿರುವುದು ಹೇಗೆ ಸಾಧ್ಯ ಎಂದು ಕೆಲವರು ಅಚ್ಚರಿಪಟ್ಟರು, ಅಚ್ಚರಿಯೇನೂ ಇಲ್ಲ. ಎರಡು ದಶಮಾಂಶಗಳಿಗೆ ಸರಿಹೊಂದಿಸುವಾಗ 99.995ನ್ನು ದಾಟಿದವರೆಲ್ಲ ನೂರಾಗುತ್ತಾರೆ, 2.93 ಲಕ್ಷದಲ್ಲಿ ಅಂಥವರು ಹದಿನಾಲ್ಕೇ ಆಗಬೇಕು, ಆದದ್ದೂ ಅಷ್ಟೇ.

ಇಷ್ಟು ತಿಳಿದ ಮೇಲೆ ಅಭ್ಯರ್ಥಿಯು ಸಂಸ್ಥೆಯ ಪ್ರವೇಶ ನೀತಿಯ ಪ್ರಕಟಣೆಯನ್ನು ಓದಲು ಕುಳಿತರೆ ಮೊದಲ ಹಳ್ಳ ಅಲ್ಲಿಯೇ ಇದೆ. "ಕನಿಷ್ಠ ಅರ್ಹತೆ" ಎಂದು ಸಾಮಾನ್ಯ ವರ್ಗಕ್ಕೆ 80, 85, 90 ಎಂಬಂತಹ ಅಂಕೆಗಳನ್ನು ಅಲ್ಲಿ ಕೊಟ್ಟಿರುತ್ತಾರೆ. ಅದನ್ನು ಕಂಡು ತನ್ನ 93 ಸಾಕೆಂದು ಹಿಗ್ಗುವವನು ಬಾಗಿಲ ಹೊಸ್ತಿಲನ್ನೇ ಪೀಠವೆಂದು ತಿಳಿದಂತೆ. ಕನಿಷ್ಠ ಅರ್ಹತೆಯಿಲ್ಲದವನ ಅರ್ಜಿಯನ್ನು ತೆರೆಯುವುದಿಲ್ಲ; ಇದ್ದವನದನ್ನು ತೆರೆಯುತ್ತಾರೆ; ಅಷ್ಟೇ ಅದರ ಅರ್ಥ. ಕರೆ ಬರುವ ಮಟ್ಟವು ಬೇರೆ, ಬಹುಮಟ್ಟಿಗೆ ಮೇಲೆ. ಇದಲ್ಲದೆ ಪರೀಕ್ಷೆಯ ಮೂರು ಭಾಗಗಳಿಗೂ, ಎಂದರೆ ಇಂಗ್ಲಿಷ್ ಓದು, ತರ್ಕ ಮತ್ತು ಅಂಕಿಅಂಶಗಳ ವಿವೇಚನೆ, ಗಣಿತ ಇವುಗಳಿಗೆ, ಪ್ರತ್ಯೇಕ ಕನಿಷ್ಠಗಳುಂಟು. ಗಣಿತದಲ್ಲಿ ಗಗನ ಮುಟ್ಟಿ ಓದಿನಲ್ಲಿ ನೆಲ ಕಚ್ಚಿದವನ ಒಟ್ಟು ಮೊತ್ತ ಎಷ್ಟೇ ಇದ್ದರೂ ಫಲವಿಲ್ಲ.

ಇನ್ನು ವಿಷಯದ ತಿರುಳಿಗೆ ಬರೋಣ. ಕ್ಯಾಟಿನ ಅಂಕವೊಂದರಿಂದಲೇ ಕರೆ ಬರುವುದಿಲ್ಲ. ಹತ್ತನೆಯ ತರಗತಿಯ ಅಂಕ, ಹನ್ನೆರಡನೆಯ ತರಗತಿಯ ಅಂಕ, ಪದವಿಯ ಅಂಕ, ನೌಕರಿಯ ಅನುಭವದ ತಿಂಗಳುಗಳು, ಹಲವೆಡೆ ಮಹಿಳೆಯರಿಗೆ ಮತ್ತು ಎಂಜಿನಿಯರಿಂಗ್ ಹೊರತಾದ ವಿದ್ಯೆಯನ್ನು ಕಲಿತವರಿಗೆ ಕೊಡುವ ಕೆಲವು ಅಂಕಗಳು, ಇವೆಲ್ಲ ಸೇರಿ ಒಂದು ಒಟ್ಟು ಮೊತ್ತವಾಗುತ್ತದೆ. ಯಾವುದಕ್ಕೆ ಎಷ್ಟು ತೂಕವೆಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಒಂದೇ ಸಂಸ್ಥೆಯಲ್ಲಿಯೂ ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಅಹಮದಾಬಾದಿನವರು ಪದವಿಯ ಶಾಖೆಗಳನ್ನು ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿನ ಮುಂಚೂಣಿಯವರಿಗೂ ಅವಕಾಶವಿಟ್ಟಿದ್ದಾರೆ. ಇಂದೋರಿನವರು ಶಾಲೆಯ ಅಂಕಗಳಿಗೆ ಹೆಚ್ಚು ತೂಕ ಕೊಡುವವರೆಂದು ಹೆಸರಾಗಿದ್ದಾರೆ. ಆದುದರಿಂದ 99 ಪಡೆದ ಎಂಜಿನಿಯರ್ ತರುಣನೊಬ್ಬನಿಗೆ ಈ ಮೂರು ಹಳೆಯ ಸಂಸ್ಥೆಗಳಲ್ಲಿ ಒಂದರಿಂದಲೂ ಕರೆ ಬಾರದೆ, 97 ಪಡೆದ ವಾಣಿಜ್ಯ ಪದವೀಧರೆಗೆ ಕರೆ ಬಂದರೆ ಅದರಲ್ಲಿ ಅನ್ಯಾಯವೂ ಇಲ್ಲ, ಗುಟ್ಟೂ ಇಲ್ಲ; ನಿಯಮವನ್ನು ಮೊದಲೇ ಓದಿದ್ದರೆ ಇಬ್ಬರೂ ಅದನ್ನು ತಿಳಿದಿರುತ್ತಿದ್ದರು.

ನಮ್ಮ ರಾಜ್ಯದವರು ವಿಶೇಷವಾಗಿ ಗಮನಿಸತಕ್ಕ ಎರಡು ಸಂಗತಿಗಳುಂಟು. ಬೇರೆ ಬೇರೆ ಪರೀಕ್ಷಾ ಮಂಡಲಿಗಳು ಬೇರೆ ಬೇರೆ ಧಾರಾಳತನದಿಂದ ಅಂಕ ಕೊಡುತ್ತವೆಂಬುದು ಎಲ್ಲರಿಗೂ ತಿಳಿದದ್ದೇ. ಬೆಂಗಳೂರಿನ ಸಂಸ್ಥೆಯು ಇದನ್ನು ಸರಿದೂಗಿಸಲು ಅಭ್ಯರ್ಥಿಯ ಶಾಲೆಯ ಅಂಕವನ್ನು, ಅದೇ ಮಂಡಲಿಯಿಂದ ಬಂದ ಕ್ಯಾಟ್ ಅರ್ಜಿದಾರರ 90ನೆಯ ಪರ್ಸೆಂಟೈಲಿನ ಅಂಕದಿಂದ ಭಾಗಿಸುವ ಪದ್ಧತಿಯನ್ನಿಟ್ಟಿದೆ. ಲೆಕ್ಕ ತಿಳಿಯಲೆಂದು ಹೀಗೆ ಇಟ್ಟುಕೊಳ್ಳೋಣ: ಒಂದು ಮಂಡಲಿಯಲ್ಲಿ ಆ ಗುರುತು 96, ಇನ್ನೊಂದರಲ್ಲಿ 90. ಮೊದಲನೆಯದರಲ್ಲಿ 88 ಪಡೆದವನಿಗೂ ಎರಡನೆಯದರಲ್ಲಿ 83 ಪಡೆದವನಿಗೂ ದೊರೆಯುವ ಬೆಲೆ ಹೆಚ್ಚುಕಡಮೆ ಒಂದೇ. ತನ್ನ ಎಸ್.ಎಸ್.ಎಲ್.ಸಿ. ಅಂಕವನ್ನು ಪಕ್ಕದ ಮನೆಯ ಸಿ.ಬಿ.ಎಸ್.ಇ. ಅಂಕದೊಡನೆ ಹೋಲಿಸಿ ಮುಖ ಸಪ್ಪಗೆ ಮಾಡಿಕೊಂಡ ವಿದ್ಯಾರ್ಥಿಗೆ ಇದು ತಿಳಿದಿರಬೇಕು. ಎರಡನೆಯ ಸಂಗತಿ ಮೀಸಲಾತಿಯದು. ಈ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 15, ಪರಿಶಿಷ್ಟ ಪಂಗಡಕ್ಕೆ 7.5, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗಗಳಿಗೆ 27, ಆರ್ಥಿಕವಾಗಿ ದುರ್ಬಲರಿಗೆ 10ರವರೆಗೆ ಸ್ಥಾನಗಳಿವೆ. ಅಂಗವಿಕಲರಿಗೆ ಶೇಕಡಾ 5. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಕೇಂದ್ರ ಸರಕಾರದ ಪಟ್ಟಿ. ನಮ್ಮ ರಾಜ್ಯದ ಪಟ್ಟಿಯಲ್ಲಿ 3ಎ, 3ಬಿ ಎಂದು ಕಾಣುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ತಹಶೀಲ್ದಾರರ ಕಚೇರಿಯಿಂದ ತಂದ ರಾಜ್ಯದ ನಮೂನೆಯ ಪ್ರಮಾಣಪತ್ರವನ್ನು ಹಿಡಿದು ಸಂದರ್ಶನಕ್ಕೆ ಹೋದವನ ಸಾಧ್ಯತೆಯ ಲೆಕ್ಕವೆಲ್ಲ ಆ ಮೇಜಿನ ಮುಂದೆಯೇ ತಲೆಕೆಳಗಾಗುತ್ತದೆ. ಈ ಪತ್ರಿಕೆಯನ್ನೋದುವ ಕಂದಾಯ ಇಲಾಖೆಯ ಅಧಿಕಾರಿಗಳು ಅರ್ಜಿ ಬಂದಾಗಲೇ "ಯಾವ ಪಟ್ಟಿಗಾಗಿ?" ಎಂದು ಒಂದು ಮಾತು ಕೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಇದಿಷ್ಟೂ ನಿಯಮವನ್ನು ತಿಳಿಯುವ ಮಾತಾಯಿತು. ನಿಯಮವೇ ನ್ಯಾಯವೆಂದು ಒಪ್ಪಿಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಬರೆದ ಪರೀಕ್ಷೆಯ ಅಂಕವು ಇಪ್ಪತ್ತೈದನೆಯ ವಯಸ್ಸಿನಲ್ಲಿ ಬಾಗಿಲು ಕಾಯುವುದು ನಮಗೆ ಸರಿಯಾಗಿ ಕಾಣುವುದಿಲ್ಲ. ಕ್ಯಾಟನ್ನು ಮತ್ತೆ ಬರೆಯಬಹುದು. ಹತ್ತನೆಯ ತರಗತಿಯನ್ನು ಮತ್ತೆ ಓದುವ ಹಾಗಿಲ್ಲ. ತಾಲ್ಲೂಕಿನ ಕನ್ನಡ ಶಾಲೆಯಲ್ಲಿ, ಗಣಿತದ ಉಪಾಧ್ಯಾಯರ ಹುದ್ದೆಯು ವರ್ಷಗಟ್ಟಲೆ ಖಾಲಿಯಿದ್ದ ಊರಿನಲ್ಲಿ ಓದಿ, ಪದವಿಯಲ್ಲಿ ಚೇತರಿಸಿಕೊಂಡು, ನೌಕರಿಯಲ್ಲಿ ತನ್ನ ಯೋಗ್ಯತೆಯನ್ನು ತೋರಿಸಿದವನನ್ನು ಈ ತಕ್ಕಡಿ ಎರಡು ಸಲ ಹಿಂದಕ್ಕೆ ತಳ್ಳುತ್ತದೆ. ಮಂಡಲಿಗಳ ನಡುವಿನ ತಾರತಮ್ಯವನ್ನು ಸರಿದೂಗಿಸಲು ಜಾಣ್ಮೆ ತೋರಿಸಿದ ಸಂಸ್ಥೆಯು ಶಾಲೆಗಳ ನಡುವಿನ ತಾರತಮ್ಯವನ್ನು ಕಾಣದಿರುವುದೇಕೆ? ಸ್ಥಿರವಾದ ಪರಿಶ್ರಮದ ಸಾಕ್ಷಿಯಾಗಿ ಶಾಲೆಯ ಅಂಕ ಬೇಕೆಂದು ಸಂಸ್ಥೆಗಳವರು ವಾದಿಸುವುದುಂಟು. ವಾದದಲ್ಲಿ ಹುರುಳಿಲ್ಲವೆಂದಲ್ಲ, ಎರಡು ಗಂಟೆಯ ಒಂದೇ ಪರೀಕ್ಷೆಯಲ್ಲಿ ಅದೃಷ್ಟದ ಪಾಲೂ ಇರುತ್ತದೆ. ಆದರೆ ಆ ಸಾಕ್ಷಿಯನ್ನು ಪದವಿಯ ಅಂಕವೂ ನೌಕರಿಯ ದಾಖಲೆಯೂ ಕೊಡಬಲ್ಲವು. ಹತ್ತನೆಯ ತರಗತಿಯ ತೂಕವನ್ನು ಇಳಿಸಬೇಕೆಂಬುದು ನಮ್ಮ ಸ್ಪಷ್ಟಾಭಿಪ್ರಾಯ.

ಭಾಷೆಯ ಮಾತೂ ಇಲ್ಲಿಯೇ ಬರುತ್ತದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ, ಎಂಜಿನಿಯರಿಂಗಿನ ಜೆ.ಇ.ಇ. ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿಯೂ ಬರೆಯಲು ಅವಕಾಶವಾಗಿದೆ. ಕ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ. ಪಾಠವು ಇಂಗ್ಲಿಷಿನಲ್ಲಿ ನಡೆಯುವುದರಿಂದ ಇಂಗ್ಲಿಷ್ ಬಲ್ಲವರೇ ಬೇಕೆಂದರೆ ಒಪ್ಪೋಣ. ಅದಕ್ಕಾಗಿ ಒಂದು ಇಡೀ ಭಾಗವೇ ಇದೆ. ತರ್ಕದ ಮತ್ತು ಗಣಿತದ ಭಾಗಗಳಲ್ಲಿಯೂ ಉದ್ದುದ್ದನೆಯ ಇಂಗ್ಲಿಷ್ ಕಂಡಿಕೆಗಳನ್ನು ನಲವತ್ತು ನಲವತ್ತು ನಿಮಿಷಗಳಲ್ಲಿ ಬಿಡಿಸಬೇಕಾದಾಗ, ಅಳೆಯುತ್ತಿರುವುದು ತರ್ಕವನ್ನೋ ಓದಿನ ವೇಗವನ್ನೋ? ಬನ್ನೇರುಘಟ್ಟ ರಸ್ತೆಯ ಆ ಸಂಸ್ಥೆಗೆ ನೂರು ಎಕರೆ ನೆಲವನ್ನು ಕೊಟ್ಟದ್ದು ಈ ರಾಜ್ಯದ ಸರಕಾರ. ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದ್ದು 1973ರ ಅಕ್ಟೋಬರ್ 28ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವುದಕ್ಕೆ ನಾಲ್ಕು ದಿನ ಮೊದಲು. ಅದು ಅಖಿಲ ಭಾರತದ ಸಂಸ್ಥೆ, ಹಾಗೆಯೇ ಇರಲಿ. ನೆಲ ಕೊಟ್ಟವರ ಮಕ್ಕಳಿಗೆಂದು ಸ್ಥಾನಗಳನ್ನು ನಾವು ಬೇಡುತ್ತಿಲ್ಲ. ಪ್ರಶ್ನೆಯನ್ನು ತಿಳಿಯುವ ಭಾಷೆಯಲ್ಲಿ ಓದುವ ಅನುಕೂಲವನ್ನಷ್ಟೇ ಕೇಳುತ್ತಿದ್ದೇವೆ.

ಹಾಗಾದರೆ ಒಬ್ಬ ಅಭ್ಯರ್ಥಿಯು ತನ್ನ ಸಾಧ್ಯತೆಯನ್ನು ಹೇಗೆ ಅಳೆಯಬೇಕು? ದಾವಣಗೆರೆಯ ಕಡೆಯ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡಾ 81, ಪಿ.ಯು.ಸಿ.ಯಲ್ಲಿ 78, ಎಂಜಿನಿಯರಿಂಗಿನಲ್ಲಿ ಸಾಧಾರಣ ಮೊದಲ ದರ್ಜೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ವರ್ಷ, ಸಾಮಾನ್ಯ ವರ್ಗ. ಇವನ ಜಾತಕದಲ್ಲಿ ಕ್ಯಾಟಿನ ಹೊರತು ಉಳಿದೆಲ್ಲವೂ ಈಗಾಗಲೇ ಬರೆದು ಮುಗಿದಿದೆ. ಆದುದರಿಂದ ಅವನು ಮೊದಲು ಮಾಡಬೇಕಾದದ್ದು, ಒಂದೊಂದು ಸಂಸ್ಥೆಯ ಸೂತ್ರದಲ್ಲಿ ತನ್ನ ಸ್ಥಿರವಾದ ಅಂಕಗಳನ್ನಿಟ್ಟು, ಹಿಂದಿನ ವರ್ಷ ಕರೆ ಬಂದ ಮಟ್ಟವನ್ನು ಮುಟ್ಟಲು ಕ್ಯಾಟಿನಲ್ಲಿ ಎಷ್ಟು ಬೇಕಾಗುತ್ತದೆಂದು ಹಿಂದಿನಿಂದ ಲೆಕ್ಕ ಹಾಕುವುದು. ಶಾಲೆಯ ಅಂಕಕ್ಕೆ ಹೆಚ್ಚು ತೂಕವಿರುವ ಕಡೆ ಉತ್ತರವು ಬಹುಶಃ ಎಟುಕದ ಎತ್ತರದಲ್ಲಿ ನಿಲ್ಲುತ್ತದೆ. ಕ್ಯಾಟಿಗೆ ಹೆಚ್ಚು ತೂಕವಿರುವ ಕಡೆ ಕಷ್ಟಸಾಧ್ಯವಾದರೂ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುತ್ತದೆ. ಎರಡನೆಯದಾಗಿ, ಮಾದರಿ ಪರೀಕ್ಷೆಗಳಲ್ಲಿ ತಾನು ಪಡೆದ ಅತ್ಯುತ್ತಮ ಅಂಕವನ್ನಲ್ಲ, ಕಡೆಯ ಹತ್ತರ ಸರಾಸರಿಯನ್ನು ತನ್ನ ಅಳತೆಯೆಂದು ಹಿಡಿಯಬೇಕು. ಒಂದು ಪ್ರಶ್ನೆ ಸರಿಯಿಂದ ತಪ್ಪಿಗೆ ಜಾರಿದರೆ ನಾಲ್ಕು ಅಂಕಗಳ ವ್ಯತ್ಯಾಸ. ಮೇಲಿನ ಮೆಟ್ಟಿಲುಗಳಲ್ಲಿ ಆ ನಾಲ್ಕು ಅಂಕಗಳ ನಡುವೆ ನೂರಾರು ಜನ ನಿಂತಿರುತ್ತಾರೆ. ಅತ್ಯುತ್ತಮ ದಿನವೇ ಪರೀಕ್ಷೆಯ ದಿನವೂ ಆಗಬೇಕೆಂಬ ನಿಯಮವೇನಿಲ್ಲವಷ್ಟೆ.

ಕರೆ ಬಂದರೂ ಪ್ರವೇಶ ಬಂದಂತಲ್ಲ. ಕರೆಯುವವರ ಸಂಖ್ಯೆ ಸ್ಥಾನಗಳ ಹಲವು ಪಟ್ಟು. ಅಲ್ಲಿಂದ ಮುಂದೆ ಲಿಖಿತ ಪರೀಕ್ಷೆ, ಸಂದರ್ಶನ. ಕೊನೆಯ ಆಯ್ಕೆಯಲ್ಲಿ ಸಂದರ್ಶನದ ಪಾಲು ದೊಡ್ಡದು, ಅದನ್ನು ಯಾವ ಸೂತ್ರವೂ ಮುಂಗಾಣದು. 2.93 ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಸಿಗುತ್ತದೆಂದು ನಿಖರವಾಗಿ ಹೇಳಬಹುದು. ಆ ಒಬ್ಬನಿಗೆ ಸಿಗುವುದೇ ಎಂದು ಹೇಳಲಾಗದು. "ನಿನಗೆ ಶೇಕಡಾ 63 ಅವಕಾಶವಿದೆ" ಎಂದು ಅಂಕೆ ಬರೆದುಕೊಡುವವನು ಲೆಕ್ಕ ಬಲ್ಲವನಲ್ಲ, ಲೆಕ್ಕದ ವೇಷ ಹಾಕಿದವನು. ನಮ್ಮ ತರುಣನಿಗೆ ಬೇಕಾದದ್ದು ಮೂರೇ ಮಾತು: ಇಲ್ಲಿ ಇಲ್ಲ, ಇಲ್ಲಿ ಇರಬಹುದು, ಇಲ್ಲಿ ಬಹುಮಟ್ಟಿಗೆ ಇದೆ. ಮೂರನೆಯ ಸಾಲಿಗೆ ಹಲವರು ಒಂದಾಗಿ ಒಂದೇ ಸಂದರ್ಶನ ನಡೆಸುವ ಹೊಸ ಐ.ಐ.ಎಂ.ಗಳಲ್ಲಿ ಕೆಲವು ಬರಬಹುದು, ರಾಜ್ಯದ ಪಿ.ಜಿ.ಸಿ.ಇ.ಟಿ. ಮೂಲಕ ಕಡಮೆ ವೆಚ್ಚದಲ್ಲಿ ದೊರೆಯುವ ವಿಶ್ವವಿದ್ಯಾಲಯದ ಸ್ಥಾನವೂ ಬರಬಹುದು. ಹಳೆಯ ಸಂಸ್ಥೆಗಳಲ್ಲಿ ಎರಡು ವರ್ಷದ ವೆಚ್ಚ ಇಪ್ಪತ್ತು ಲಕ್ಷ ರೂಪಾಯಿಗಳನ್ನು ಮೀರಿರುವಾಗ, ಹೆಸರಿಗಾಗಿ ಮಾತ್ರ ಯಾವುದೋ ಸಂಸ್ಥೆಯಲ್ಲಿ ಅಷ್ಟೇ ಹಣ ಸುರಿಯುವ ಮೊದಲು ಈ ಹೋಲಿಕೆಯನ್ನು ಮಾಡಲೇಬೇಕು.

ಪರದೇಶದ ಪ್ರವೇಶದ ಮಾತು ಬೇರೆಯ ಜಾತಿಯದು. ಹಾರ್ವರ್ಡ್ ವಿದ್ಯಾಲಯದಲ್ಲಿ 2024ರಲ್ಲಿ ಸೇರಿದ ತರಗತಿಗೆ ಬಂದ ಅರ್ಜಿಗಳು 9,856, ಸೇರಿದವರು 930. ಹತ್ತಕ್ಕೊಬ್ಬರಿಗೆ ಸಮೀಪವಾದ ಈ ಪ್ರಮಾಣವನ್ನು ಇಲ್ಲಿಯ ಇನ್ನೂರಕ್ಕೊಬ್ಬರೊಡನೆ ಇಟ್ಟು, ಅಮೆರಿಕವೇ ಸುಲಭವೆಂದು ಸಾರುವವರನ್ನು ಕಂಡಿದ್ದೇವೆ. ಅಲ್ಲಿ ಅರ್ಜಿ ಹಾಕಲು ಪ್ರಬಂಧ ಬರೆಯಬೇಕು, ಮೇಲಧಿಕಾರಿಗಳ ಪತ್ರ ತರಬೇಕು. ಭರವಸೆಯಿಲ್ಲದವರು ಮೊದಲೇ ಹಿಂದೆ ಸರಿದಿರುತ್ತಾರೆ. ಮೇಲಾಗಿ ಸೂತ್ರವೆಂಬುದೇ ಅಲ್ಲಿಲ್ಲ.

ಈ ಅಜ್ಞಾನವನ್ನು ಬಂಡವಾಳ ಮಾಡಿಕೊಂಡ ಕೋಚಿಂಗ್ ಅಂಗಡಿಗಳ ವಿಷಯದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ನಿಯಮಾವಳಿಯನ್ನು ಹೊರಡಿಸಿತು. ಸುಳ್ಳು ಯಶಸ್ಸಿನ ಪ್ರಮಾಣವನ್ನು ಸಾರಕೂಡದು. ತೇರ್ಗಡೆಯಾದವನು ತಮ್ಮಲ್ಲಿ ಯಾವ ತರಗತಿಯನ್ನು ಓದಿದನೆಂಬುದನ್ನು ಮರೆಮಾಚಕೂಡದು. ಆಯ್ಕೆಯಾದ ಬಳಿಕ ಪಡೆದ ಲಿಖಿತ ಒಪ್ಪಿಗೆಯಿಲ್ಲದೆ ಅವನ ಭಾವಚಿತ್ರವನ್ನು ಬಳಸಕೂಡದು. ನಿಯಮ ಒಳ್ಳೆಯದು. ಆದರೆ ಜಾಹೀರಾತನ್ನು ತಡೆದರೆ ಸಾಲದು. ಜಾಹೀರಾತು ತುಂಬಿಕೊಂಡಿರುವ ಖಾಲಿ ಸ್ಥಳವನ್ನು ನಿಜವಾದ ಅಂಕಿಗಳಿಂದ ತುಂಬಬೇಕು. ಅದು ಸಂಸ್ಥೆಗಳ ಹೊಣೆ. ಕೆಲವು ಸಂಸ್ಥೆಗಳು ಕರೆಯ ಕೊನೆಯ ಮಟ್ಟವನ್ನು ಪ್ರಕಟಿಸುವುದುಂಟು; ಎಲ್ಲವೂ ಒಂದೇ ರೀತಿಯಲ್ಲಿ, ಒಂದೇ ಕಾಲಕ್ಕೆ, ಸಾಮಾನ್ಯನಿಗೆ ತಿಳಿಯುವಂತೆ ಪ್ರಕಟಿಸುವುದಿಲ್ಲ. 2017ರ ಶಾಸನದಿಂದ ಈ ಸಂಸ್ಥೆಗಳಿಗೆ ವಿಶೇಷ ಸ್ವಾತಂತ್ರ್ಯ ದೊರೆತಿದೆ. ತಮ್ಮದೇ ಪದವಿಯನ್ನು ಕೊಡುವ ಅಧಿಕಾರವೂ ಬಂದಿದೆ. ಪ್ರತಿ ವರ್ಷ ಪ್ರವೇಶ ಮುಗಿದೊಡನೆ ಯಾವ ವರ್ಗದಲ್ಲಿ ಎಷ್ಟು ಜನರನ್ನು ಕರೆದರು, ಯಾವ ಒಟ್ಟು ಮೊತ್ತದಲ್ಲಿ ಕರೆ ನಿಂತಿತು, ಯಾವ ಮೊತ್ತದಲ್ಲಿ ಸ್ಥಾನ ನಿಂತಿತು, ಆಯ್ಕೆಯಾದವರಲ್ಲಿ ಯಾವ ಮಂಡಲಿಯಿಂದ ಬಂದವರು ಎಷ್ಟು, ಇಷ್ಟನ್ನು ಒಂದೇ ನಮೂನೆಯಲ್ಲಿ, ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಪ್ರಕಟಿಸಲು ಅವಕ್ಕೆ ಹೊಸ ಶಾಸನವೂ ಬೇಡ, ಹೆಚ್ಚಿನ ಹಣವೂ ಬೇಡ. ಹೊಸ ವರ್ಷದ ಅರ್ಜಿಗಳು ಸಾಮಾನ್ಯವಾಗಿ ಆಗಸ್ಟಿನಲ್ಲಿ ಆರಂಭವಾಗುತ್ತವೆ. ಸಾಮಾನ್ಯ ವರ್ಗದವನು ಕ್ಯಾಟ್ ಬರೆಯಲು 2024ರಲ್ಲಿ ಕೊಟ್ಟ ಶುಲ್ಕ 2,500 ರೂಪಾಯಿ. ಆ ಹಣವನ್ನು ಪಡೆಯುವ ಮೊದಲು, ಅಂದರೆ ಜುಲೈ ಮುಗಿಯುವುದರೊಳಗಾಗಿ, ಬೆಂಗಳೂರಿನ ಸಂಸ್ಥೆಯು ಉಳಿದವರಿಗಾಗಿ ಕಾಯದೆ ಈ ಪಟ್ಟಿಯನ್ನು ತಾನಾಗಿಯೇ ಹೊರಡಿಸಲಿ.